ಇಳಿವಯಸ್ಸಿನವರ ಕಾಲಿನ ರಕ್ಷಣೆ: ಅಂಗಚ್ಛೇದನದಿಂದ ಪುನಾರಚನೆಯವರೆಗೆ

ಋಗ್ವೇದದ ಮೊದಲನೆಯ ಮಂಡಲದಲ್ಲಿ ವಿಶ್ಪಲೆಯ ಪ್ರಸ್ತಾಪವಿದೆ. ಕಾಳಗದಲ್ಲಿ ಕಾಲನ್ನು ಕಳೆದುಕೊಂಡ ಆಕೆಗೆ ಅಶ್ವಿನೀದೇವತೆಗಳು ಲೋಹದ ಕಾಲನ್ನು ಕೊಟ್ಟರೆಂದು ಅಲ್ಲಿ ಹೇಳಿದೆ. ವಿಶ್ಪಲೆಯು ಸ್ತ್ರೀಯೋ ಅಥವಾ ಓಟದ ಕುದುರೆಯೋ ಎಂಬ ವಿಷಯದಲ್ಲಿ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವುಂಟು. ಅದು ಹೇಗೇ ಇರಲಿ, ಹೋದ ಕಾಲಿಗೆ ಬದಲಾಗಿ ಇನ್ನೊಂದನ್ನು ಕೂಡಿಸುವ ಕಲ್ಪನೆ ಬಹು ಪ್ರಾಚೀನವಾದುದೆಂಬುದು ಇದರಿಂದ ಸ್ಪಷ್ಟವಾಗುತ್ತದೆ. ಜಜ್ಜಿಹೋದ ಕಾಲನ್ನೇ ಉಳಿಸಿಕೊಳ್ಳುವ ವಿದ್ಯೆಯಾದರೋ ತೀರ ಇತ್ತೀಚಿನದು. ಅದರಲ್ಲಿಯೂ ಅರುವತ್ತು ಎಪ್ಪತ್ತು ದಾಟಿದವರ ಕಾಲನ್ನು ಉಳಿಸಲು ಶ್ರಮಿಸಬಹುದೆಂಬ ಅಭಿಪ್ರಾಯ ಬೇರೂರಿದುದು ಕಳೆದ ಕೆಲವೇ ದಶಕಗಳಲ್ಲಿ.

ಪ್ರಕೃತ ಲೇಖನದಲ್ಲಿ ಈ ಬದಲಾವಣೆಯ ಹೆಜ್ಜೆಗಳನ್ನು ಗುರುತಿಸುವುದು ನಮ್ಮ ಉದ್ದೇಶ. ನಾವು ವೈದ್ಯರಲ್ಲ, ಇತಿಹಾಸದ ಅಭ್ಯಾಸಿಗಳು. ಆದುದರಿಂದ ಚಿಕಿತ್ಸೆಯ ವಿಷಯದಲ್ಲಿ ಸಲಹೆ ಕೊಡುವುದು ನಮ್ಮ ಕೆಲಸವಲ್ಲ. ‘ಈ ಕಾಲನ್ನು ಕತ್ತರಿಸಬೇಕೆ, ಉಳಿಸಬೇಕೆ?’ ಎಂಬ ಪ್ರಶ್ನೆಗೆ ಬೇರೆ ಬೇರೆ ಕಾಲದವರು ಯಾವ ಆಧಾರದ ಮೇಲೆ ಉತ್ತರ ಹೇಳಿದರು, ಆ ಆಧಾರಗಳಲ್ಲಿ ರೋಗಿಯ ವಯಸ್ಸಿಗೆ ಯಾವ ಸ್ಥಾನವಿತ್ತು ಎಂಬುದನ್ನು ವಿವೇಚಿಸುವುದಷ್ಟೇ ಇಲ್ಲಿಯ ಪ್ರಯತ್ನ.

೧. ಜೀವವೋ ಕಾಲೋ

ಮೂಳೆ ಮುರಿದು ಚರ್ಮವನ್ನು ಸೀಳಿ ಹೊರಬಂದ ಗಾಯಕ್ಕೆ ವಿವೃತ ಅಸ್ಥಿಭಂಗವೆಂದು ಹೆಸರು. ಹತ್ತೊಂಬತ್ತನೆಯ ಶತಮಾನದ ಮಧ್ಯದವರೆಗೆ ಕೆಳಗಾಲಿನ ಇಂತಹ ಗಾಯವೆಂದರೆ ಬಹುಮಟ್ಟಿಗೆ ಮರಣದ ಮುನ್ಸೂಚನೆಯೇ ಆಗಿತ್ತು. ಗಾಯದಲ್ಲಿ ನಂಜೇರಿ ಮಾಂಸ ಕೊಳೆಯುತ್ತಿತ್ತು. ನಂಜು ರಕ್ತಕ್ಕೆ ಸೇರಿ ರೋಗಿ ಸಾಯುತ್ತಿದ್ದನು. ಅಂಗಚ್ಛೇದನವು ಆ ಕಾಲದಲ್ಲಿ ಕ್ರೌರ್ಯವೆನಿಸದೆ ದಯೆಯೆನಿಸಿದುದಕ್ಕೆ ಇದೇ ಕಾರಣ. ನೆಪೋಲಿಯನನ ಸೇನೆಯ ಪ್ರಸಿದ್ಧ ಶಸ್ತ್ರವೈದ್ಯನಾದ ಲಾರೇ, ಗಾಯವಾದ ಇಪ್ಪತ್ತನಾಲ್ಕು ಗಂಟೆಗಳೊಳಗೆ ಛೇದನ ಮಾಡತಕ್ಕದ್ದೆಂದು ಬಲವಾಗಿ ವಾದಿಸಿದನು. ಅವನ ವಾದ ಅಂದಿನ ಅನುಭವಕ್ಕೆ ಒಪ್ಪುವಂಥದೇ ಆಗಿದ್ದಿತು.

ಆದರೆ ಈ ನಿಯಮಕ್ಕೆ ಅಪವಾದಗಳೂ ಇದ್ದವು. ಅವುಗಳಲ್ಲಿ ಎರಡು ವಿಶೇಷ ಗಮನಕ್ಕೆ ಅರ್ಹವಾಗಿವೆ. ಛೇದನದ ಸಮಯದಲ್ಲಿ ರಕ್ತನಾಳಗಳನ್ನು ದಾರದಿಂದ ಕಟ್ಟುವ ಪದ್ಧತಿಯನ್ನು ೧೫೫೨ರಲ್ಲಿ ಬಳಕೆಗೆ ತಂದ ಫ್ರೆಂಚ್ ಶಸ್ತ್ರವೈದ್ಯ ಆಂಬ್ರೋಸ್ ಪಾರೆ, ೧೫೬೧ರಲ್ಲಿ ತಾನೇ ಕುದುರೆಯ ಒದೆತಕ್ಕೆ ಸಿಕ್ಕಿ ಕೆಳಗಾಲಿನ ಮೂಳೆಗಳನ್ನು ಮುರಿದುಕೊಂಡನು. ಮೂಳೆ ಚರ್ಮವನ್ನು ಹರಿದು ಹೊರಬಂದಿತ್ತು. ಎಷ್ಟೋ ಜನರ ಕಾಲನ್ನು ತೆಗೆದಿದ್ದ ಪಾರೆ ತನ್ನ ಕಾಲನ್ನು ಮಾತ್ರ ತೆಗೆಯಿಸಿಕೊಳ್ಳಲಿಲ್ಲ. ಅದು ವಾಸಿಯೂ ಆಯಿತು. ಆಗ ಅವನಿಗೆ ಸುಮಾರು ಐವತ್ತು ವರ್ಷ ವಯಸ್ಸು. ಅದೇ ರೀತಿ ೧೭೫೬ರಲ್ಲಿ ಲಂಡನ್ನಿನ ಪರ್ಸಿವಲ್ ಪಾಟ್ ಕುದುರೆಯಿಂದ ಬಿದ್ದು ಕಾಲು ಮುರಿದುಕೊಂಡನು. ಛೇದನಕ್ಕೆ ಉಪಕರಣಗಳು ಸಿದ್ಧವಾಗಿದ್ದಾಗ ಅವನ ಗುರು ಎಡ್ವರ್ಡ್ ನೌರ್ಸ್ ಬಂದು, ಕಾಲನ್ನು ಉಳಿಸಲು ಪ್ರಯತ್ನಿಸಬಹುದೆಂದು ಅಭಿಪ್ರಾಯಪಟ್ಟುದರಿಂದ ಅದು ಉಳಿಯಿತು. ಈ ಇಬ್ಬರೂ ಶಸ್ತ್ರವೈದ್ಯರು, ಇಬ್ಬರಿಗೂ ಅನುಭವಿಗಳ ನೆರವು ದೊರೆಯಿತು, ಇಬ್ಬರೂ ಸಾರ್ವಜನಿಕ ಆಸ್ಪತ್ರೆಯ ಕಿಕ್ಕಿರಿದ ಕೊಠಡಿಯಲ್ಲಿ ಮಲಗಬೇಕಾದವರಲ್ಲ. ಕಾಲು ಉಳಿಯುವುದಕ್ಕೆ ಗಾಯದ ಸ್ವರೂಪದಂತೆಯೇ ರೋಗಿಯ ಸ್ಥಿತಿಗತಿಗಳೂ ಕಾರಣವೆಂಬುದಕ್ಕೆ ಇವು ಹಳೆಯ ನಿದರ್ಶನಗಳು.

೨. ನಂಜಿನ ನಿವಾರಣೆ

ಈ ಸ್ಥಿತಿಯನ್ನು ಬದಲಿಸಿದವನು ಜೋಸೆಫ್ ಲಿಸ್ಟರ್. ಈಥರಿನ ಬಳಕೆಯಿಂದ ೧೮೪೬ರಲ್ಲಿ ಶಸ್ತ್ರಕ್ರಿಯೆಯ ನೋವು ತಪ್ಪಿದ್ದರೂ ನಂಜು ತಪ್ಪಿರಲಿಲ್ಲ. ಲಿಸ್ಟರನು ೧೮೬೫ರ ಆಗಸ್ಟ್ ತಿಂಗಳಲ್ಲಿ ಗ್ಲಾಸ್ಗೋ ನಗರದ ಆಸ್ಪತ್ರೆಯಲ್ಲಿ, ಗಾಡಿಯ ಚಕ್ರ ಹರಿದು ಕಾಲು ಮುರಿದಿದ್ದ ಹನ್ನೊಂದು ವರ್ಷದ ಬಾಲಕನೊಬ್ಬನ ಗಾಯಕ್ಕೆ ಕಾರ್ಬಾಲಿಕ್ ಆಮ್ಲದ ಪಟ್ಟಿ ಹಾಕಿದನು. ಗಾಯದಲ್ಲಿ ಕೀವಾಗಲಿಲ್ಲ, ಮೂಳೆ ಕೂಡಿಕೊಂಡಿತು. ಇಂತಹ ಹನ್ನೊಂದು ರೋಗಿಗಳ ವೃತ್ತಾಂತವನ್ನು ಅವನು ೧೮೬೭ರಲ್ಲಿ ಪ್ರಕಟಿಸಿದನು. ಅವರಲ್ಲಿ ಒಂಬತ್ತು ಮಂದಿ ಅಂಗಸಹಿತ ಗುಣಹೊಂದಿದ್ದರು. ಛೇದನದ ಅಂಕಿಗಳು ಇನ್ನೂ ಬೋಧಪ್ರದವಾಗಿವೆ. ಹೊಸ ವಿಧಾನಕ್ಕೆ ಮೊದಲು ಅವನ ವಾರ್ಡುಗಳಲ್ಲಿ ೩೫ ಛೇದನಗಳಲ್ಲಿ ೧೬ ಮಂದಿ ಸತ್ತಿದ್ದರು. ಅನಂತರ ೧೮೬೭–೬೯ರಲ್ಲಿ ೪೦ ಛೇದನಗಳಲ್ಲಿ ಸತ್ತವರು ಆರೇ ಮಂದಿ.

ಇದರಿಂದ ಮುಖ್ಯವಾದ ಒಂದು ಪರಿಣಾಮ ಉಂಟಾಯಿತು. ‘ಜೀವವೋ ಕಾಲೋ’ ಎಂಬ ಹಳೆಯ ಪ್ರಶ್ನೆಯ ಬಿಗಿ ಸಡಿಲವಾಯಿತು. ಒಂದನೆಯ ಮಹಾಯುದ್ಧದಲ್ಲಿ ಬೆಲ್ಜಿಯಮ್ಮಿನ ಆಂಟ್ವಾನ್ ದಪಾಜ್ ಮೊದಲಾದವರು ಗಾಯದೊಳಗಿನ ಸತ್ತ ಮಾಂಸವನ್ನೂ ಕೊಳೆಯನ್ನೂ ಕತ್ತರಿಸಿ ತೆಗೆದು ಗಾಯವನ್ನು ತೆರೆದೇ ಇಡುವ ಕ್ರಮವನ್ನು ರೂಢಿಸಿದರು. ಸ್ಪೇನಿನ ಅಂತರ್ಯುದ್ಧದಲ್ಲಿ ಜೋಸೆಪ್ ಟ್ರುಯೆಟಾ ಈ ಕ್ರಮದೊಡನೆ ಪ್ಲಾಸ್ಟರ್ ಕಟ್ಟನ್ನು ಸೇರಿಸಿ, ೧,೦೭೩ ವಿವೃತ ಅಸ್ಥಿಭಂಗಗಳಲ್ಲಿ ಆರು ಮರಣಗಳನ್ನು ಮಾತ್ರ ಕಂಡುದಾಗಿ ವರದಿಮಾಡಿದನು. ಪೆನಿಸಿಲಿನ್ ಬಳಕೆಗೆ ಬರುವ ಮುಂಚೆಯೇ ದೊರೆತ ಫಲವಿದು.

೩. ರಕ್ತ, ಮೂಳೆ, ಚರ್ಮ

ನಂಜನ್ನು ತಡೆದ ಮಾತ್ರಕ್ಕೆ ಕಾಲು ಉಳಿಯುವುದಿಲ್ಲ. ಕಾಲಿಗೆ ರಕ್ತ ಹರಿಯಬೇಕು, ಮೂಳೆ ಕೂಡಬೇಕು, ಮೂಳೆಯ ಮೇಲೆ ಜೀವಂತ ಹೊದಿಕೆಯಿರಬೇಕು. ಈ ಮೂರು ಸಮಸ್ಯೆಗಳನ್ನು ಇಪ್ಪತ್ತನೆಯ ಶತಮಾನವು ಒಂದೊಂದಾಗಿ ಬಿಡಿಸಿತು.

ಮೊದಲನೆಯದು ರಕ್ತ. ಹರಿದ ರಕ್ತನಾಳದ ತುದಿಗಳನ್ನು ಸೂಕ್ಷ್ಮವಾಗಿ ಹೊಲಿಯುವ ಕ್ರಮವನ್ನು ಅಲೆಕ್ಸಿಸ್ ಕ್ಯಾರೆಲ್ ೧೯೦೨ರಲ್ಲಿಯೇ ತೋರಿಸಿದ್ದನು. ಆದರೂ ಎರಡನೆಯ ಮಹಾಯುದ್ಧದಲ್ಲಿಯೂ ರಣರಂಗದ ಸಾಮಾನ್ಯ ಪದ್ಧತಿಯೆಂದರೆ ನಾಳವನ್ನು ಕಟ್ಟಿಬಿಡುವುದೇ. ಡಿಬೇಕಿ ಮತ್ತು ಸಿಮಿಯೋನ್ ಎಂಬವರು ೧೯೪೬ರಲ್ಲಿ ಅಮೆರಿಕದ ಸೈನಿಕರಿಗೆ ಆದ ೨,೪೭೧ ಅಪಧಮನಿಯ ಗಾಯಗಳನ್ನು ಪರಿಶೀಲಿಸಿದಾಗ, ನೂರಕ್ಕೆ ಸುಮಾರು ನಲವತ್ತು ಪ್ರಸಂಗಗಳು ಛೇದನದಲ್ಲಿ ಕೊನೆಗೊಂಡಿದ್ದುವು. ಕೊರಿಯದ ಯುದ್ಧದಲ್ಲಿ ನಾಳವನ್ನು ಕಟ್ಟುವುದರ ಬದಲು ಹೊಲಿಯುವ ಕ್ರಮವನ್ನು ಅನುಸರಿಸಿದುದರಿಂದ ಈ ಪ್ರಮಾಣ ನೂರಕ್ಕೆ ಸುಮಾರು ಹದಿಮೂರಕ್ಕೆ ಇಳಿಯಿತು.

ಎರಡನೆಯದು ಮೂಳೆ. ಜರ್ಮನಿಯ ಕೀಲ್ ನಗರದಲ್ಲಿ ಗೆರ್ಹಾರ್ಡ್ ಕ್ಯುಂಟ್‌ಷರ್ ೧೯೩೯ರಲ್ಲಿ ಮೂಳೆಯ ಟೊಳ್ಳಿನೊಳಗೆ ಉದ್ದನೆಯ ಲೋಹದ ಸರಳನ್ನು ತೂರಿಸಿ ಮುರಿತವನ್ನು ನಿಲ್ಲಿಸಿದನು. ಸೈಬೀರಿಯದ ಕುರ್ಗಾನಿನಲ್ಲಿ ಗಾವ್ರಿಯಿಲ್ ಇಲಿಜಾರೋವ್ ೧೯೫೧ರಲ್ಲಿ ರೂಪಿಸಿದ ಸಾಧನ ಮತ್ತೊಂದು ಬಗೆಯದು. ಕಾಲಿನ ಸುತ್ತ ಲೋಹದ ಬಳೆಗಳನ್ನಿಟ್ಟು, ಅವುಗಳಿಗೆ ಬಿಗಿದ ತೆಳುವಾದ ತಂತಿಗಳನ್ನು ಮೂಳೆಯ ಮೂಲಕ ಹಾಯಿಸುತ್ತಾರೆ. ಮೂಳೆಯನ್ನು ಒಂದೆಡೆ ಕೊಯ್ದು ದಿನಕ್ಕೆ ಒಂದು ಮಿಲಿಮೀಟರಿನಂತೆ ಮೆಲ್ಲಮೆಲ್ಲನೆ ಸರಿಸುತ್ತ ಹೋದರೆ, ನಡುವಣ ತೆರಪಿನಲ್ಲಿ ಹೊಸ ಮೂಳೆ ಬೆಳೆಯುತ್ತದೆ. ಇಟಲಿಯ ಪರ್ವತಾರೋಹಿ ಕಾರ್ಲೋ ಮೌರಿ, ಬಹುಕಾಲದಿಂದ ಕೂಡದೆ ಉಳಿದಿದ್ದ ತನ್ನ ಕಾಲನ್ನು ೧೯೮೦ರಲ್ಲಿ ಕುರ್ಗಾನಿಗೆ ಹೋಗಿ ಸರಿಪಡಿಸಿಕೊಂಡು ಬಂದ ಮೇಲೆಯೇ ಪಶ್ಚಿಮದ ವೈದ್ಯರ ದೃಷ್ಟಿ ಈ ವಿಧಾನದ ಕಡೆಗೆ ಹರಿಯಿತು. ಮೌರಿಗೆ ಆಗ ಐವತ್ತು ವರ್ಷ.

ಮೂರನೆಯದು ಹೊದಿಕೆ. ಕೆಳಗಾಲಿನ ಮುಂಭಾಗದಲ್ಲಿ ಮೂಳೆಗೂ ಚರ್ಮಕ್ಕೂ ನಡುವೆ ಮಾಂಸವಿಲ್ಲ. ಅಲ್ಲಿ ಚರ್ಮ ಹರಿದರೆ ಮೂಳೆ ಬತ್ತಲಾಗುತ್ತದೆ. ಹೆರೆದು ತೆಗೆದ ತೆಳು ಚರ್ಮವನ್ನು ಬತ್ತಲೆ ಮೂಳೆಯ ಮೇಲೆ ಹಚ್ಚಿದರೆ ಅದು ಹಿಡಿಯುವುದಿಲ್ಲ. ಏಕೆಂದರೆ ಆ ಚರ್ಮಕ್ಕೆ ತನ್ನದೇ ಆದ ರಕ್ತದ ಹರಿವು ಇಲ್ಲ. ತನ್ನ ರಕ್ತನಾಳವನ್ನು ತಾನೇ ಹೊತ್ತು ತರುವ ಸಜೀವ ಖಂಡವೇ ಅಲ್ಲಿಗೆ ಬೇಕು. ಶಸ್ತ್ರವೈದ್ಯರು ಇದನ್ನು ಫ್ಲ್ಯಾಪ್ ಎನ್ನುತ್ತಾರೆ.

ಈ ತತ್ತ್ವ ಭಾರತಕ್ಕೆ ಹೊಸದಲ್ಲ. ಅದು ಯುರೋಪಿನ ಗಮನಕ್ಕೆ ಬಂದ ಬಗೆ ಕನ್ನಡನಾಡಿನ ಚರಿತ್ರೆಯೊಂದಿಗೆ ಹೆಣೆದುಕೊಂಡಿದೆ. ಮೂರನೆಯ ಮೈಸೂರು ಯುದ್ಧದಲ್ಲಿ ಇಂಗ್ಲಿಷ್ ಸೈನ್ಯದ ಎತ್ತಿನ ಗಾಡಿಯವನಾಗಿದ್ದ ಕವಾಸ್‌ಜಿ ಎಂಬಾತನು ಟೀಪೂಸುಲ್ತಾನನ ಸೆರೆಗೆ ಸಿಕ್ಕಿ ಮೂಗನ್ನೂ ಒಂದು ಕೈಯನ್ನೂ ಕಳೆದುಕೊಂಡನು. ಮುಂದೆ ಪುಣೆಯ ಕಡೆಯ ದೇಶೀಯ ವೈದ್ಯನೊಬ್ಬನು ಅವನ ಹಣೆಯ ಚರ್ಮವನ್ನು ಬುಡದಲ್ಲಿ ಕತ್ತರಿಸದೆ ಕೆಳಕ್ಕೆ ತಿರುಗಿಸಿ ಹೊಸ ಮೂಗನ್ನು ಮಾಡಿದನು. ಲಂಡನ್ನಿನ ಪತ್ರಿಕೆಯೊಂದರಲ್ಲಿ ೧೭೯೪ರ ಅಕ್ಟೋಬರ್‌ನಲ್ಲಿ ಪ್ರಕಟವಾದ ಈ ವೃತ್ತಾಂತವು ಯುರೋಪಿನ ಪುನಾರಚನಾ ಶಸ್ತ್ರಚಿಕಿತ್ಸೆಗೆ ಪ್ರೇರಕವಾಯಿತೆಂಬುದು ಪ್ರಸಿದ್ಧವೇ ಆಗಿದೆ. ಅವನ ಮೂಗು ಮರಳಿತು, ಕೈ ಮರಳಲಿಲ್ಲ. ಬುಡದಲ್ಲಿ ಅಂಟಿಕೊಂಡೇ ಇರಬೇಕಾದ ಚರ್ಮವನ್ನು ಅದರ ನೆರೆಯ ಜಾಗಕ್ಕೆ ಮಾತ್ರ ತಿರುಗಿಸಬಹುದಾಗಿತ್ತು.

ಈ ಮಿತಿಯನ್ನು ದಾಟಲು ಸೂಕ್ಷ್ಮದರ್ಶಕ ಬೇಕಾಯಿತು. ಅಮೆರಿಕದಲ್ಲಿ ಜೇಕಬ್ಸನ್ ೧೯೬೦ರಲ್ಲಿ ಸೂಕ್ಷ್ಮದರ್ಶಕದ ಕೆಳಗೆ ಒಂದೆರಡು ಮಿಲಿಮೀಟರ್ ಅಗಲದ ನಾಳಗಳನ್ನು ಹೊಲಿಯಬಹುದೆಂದು ತೋರಿಸಿದನು. ಮೆಲ್ಬೋರ್ನ್ ನಗರದಲ್ಲಿ ಟೇಲರ್ ಮತ್ತು ಡೇನಿಯಲ್ ೧೯೭೩ರಲ್ಲಿ ತೊಡೆಸಂದಿಯ ಚರ್ಮಖಂಡವನ್ನು ಪೂರ್ತಿಯಾಗಿ ಬಿಡಿಸಿ, ಗಾಯಗೊಂಡ ಕಾಲಿಗೆ ಕೂಡಿಸಿ, ಅಲ್ಲಿಯ ನಾಳಗಳಿಗೆ ಅದರ ನಾಳಗಳನ್ನು ಜೋಡಿಸಿದರು. ಅಂದಿನಿಂದ ಬೆನ್ನು, ತೊಡೆ, ಹೊಟ್ಟೆ ಇವುಗಳಲ್ಲಿ ಎಲ್ಲಿಂದ ಬೇಕಾದರೂ ಹೊದಿಕೆಯನ್ನು ತರುವುದು ಸಾಧ್ಯವಾಯಿತು.

ಆ ಹೊದಿಕೆಯನ್ನು ಎಂದು ಹಾಕಬೇಕೆಂಬ ಪ್ರಶ್ನೆಗೆ ಉತ್ತರ ದೊರೆತದ್ದು ಯುಗೊಸ್ಲಾವಿಯದ ಲ್ಯುಬ್ಲಿಯಾನಾದಿಂದ. ಮಾರ್ಕೊ ಗೊದಿನಾ ೧೯೮೬ರಲ್ಲಿ ೫೩೨ ರೋಗಿಗಳ ಫಲಿತಾಂಶವನ್ನು ಪ್ರಕಟಿಸಿದನು. ಗಾಯವಾದ ೭೨ ಗಂಟೆಗಳೊಳಗೆ ಹೊದಿಕೆ ಹಾಕಿದವರಲ್ಲಿ ಫ್ಲ್ಯಾಪ್ ಕೆಟ್ಟುದು ನೂರಕ್ಕೆ ಒಂದಕ್ಕಿಂತ ಕಡಮೆ. ಆ ಅವಧಿ ದಾಟಿ ಮೂರು ತಿಂಗಳೊಳಗೆ ಮಾಡಿದವರಲ್ಲಿ ನೂರಕ್ಕೆ ಹನ್ನೆರಡು. ನಂಜು ತಗುಲಿದ ಪ್ರಮಾಣ ಕ್ರಮವಾಗಿ ನೂರಕ್ಕೆ ೧.೫ ಮತ್ತು ೧೭.೫. ಮೂಳೆಯ ವೈದ್ಯರೂ ಪುನಾರಚನೆಯ ವೈದ್ಯರೂ ಮೊದಲ ದಿನದಿಂದಲೇ ಒಟ್ಟಿಗೆ ಕೆಲಸ ಮಾಡಬೇಕೆಂಬ ಇಂದಿನ ನಿಯಮಕ್ಕೆ ಇದು ಒಂದು ಮುಖ್ಯ ಆಧಾರ. ಬ್ರಿಟನ್ನಿನ ವೃತ್ತಿಸಂಘಗಳು ೨೦೧೭ರಲ್ಲಿ ಪರಿಷ್ಕರಿಸಿದ ನಿಯಮಾವಳಿಯಲ್ಲಿಯೂ ಅದೇ ೭೨ ಗಂಟೆಗಳ ಮಿತಿಯಿದೆ.

೪. ವಯಸ್ಸು ಅಂಕವಾದ ಬಗೆ

ಸಾಧನೆಗಳು ಬೆಳೆದಂತೆ ಸಂದೇಹವೂ ಬೆಳೆಯಿತು. ಉಳಿಸಬಲ್ಲ ಕಾಲನ್ನೆಲ್ಲ ಉಳಿಸಲೇಬೇಕೆ? ಹತ್ತು ಶಸ್ತ್ರಕ್ರಿಯೆಗಳ ನಂತರ ಕೊನೆಗೆ ಕತ್ತರಿಸುವುದೇ ಆದರೆ, ಮೊದಲೇ ಕತ್ತರಿಸುವುದು ಮೇಲಲ್ಲವೆ? ಈ ಸಂದೇಹವನ್ನು ಪರಿಹರಿಸಲು ಅಂಕಪಟ್ಟಿಗಳು ಹುಟ್ಟಿದುವು. ಅವುಗಳಲ್ಲಿ ಹೆಚ್ಚು ಪ್ರಚಾರಕ್ಕೆ ಬಂದುದು ಅಮೆರಿಕದ ಸಿಯಾಟಲಿನಿಂದ ೧೯೯೦ರಲ್ಲಿ ಹೊರಟ ‘ಮೆಸ್’ ಎಂಬ ಪಟ್ಟಿ. ಗಾಯದ ತೀವ್ರತೆ, ರಕ್ತದ ಕೊರತೆ, ರಕ್ತದೊತ್ತಡದ ಕುಸಿತ, ವಯಸ್ಸು ಎಂಬ ನಾಲ್ಕು ಅಂಶಗಳಿಗೆ ಅದು ಅಂಕಗಳನ್ನು ಕೊಡುತ್ತದೆ. ಒಟ್ಟು ಏಳು ಅಥವಾ ಅದಕ್ಕಿಂತ ಹೆಚ್ಚಾದರೆ ಛೇದನವೆಂದು ಅದರ ಸೂಚನೆ. ಮೂವತ್ತಕ್ಕಿಂತ ಕಡಮೆ ವಯಸ್ಸಿಗೆ ಸೊನ್ನೆ, ಮೂವತ್ತರಿಂದ ಐವತ್ತರವರೆಗೆ ಒಂದು, ಐವತ್ತು ದಾಟಿದರೆ ಎರಡು.

ಇದರ ಅರ್ಥವನ್ನು ವಿವೇಚಿಸಬೇಕು. ಒಂದೇ ಬಗೆಯ ಗಾಯವಾದ ಇಬ್ಬರಲ್ಲಿ ಇಪ್ಪತ್ತೈದರ ಯುವಕನಿಗೆ ಐದು ಅಂಕ ಬಂದು ಕಾಲು ಉಳಿಯುವ ಪಕ್ಷಕ್ಕೆ ಸೇರಿದರೆ, ಐವತ್ತೊಂದರ ಗೃಹಸ್ಥನಿಗೆ ಏಳು ಅಂಕ ಬಂದು ಛೇದನದ ಪಕ್ಷಕ್ಕೆ ಸೇರುತ್ತದೆ. ಐವತ್ತೊಂದು ವರ್ಷದವನಿಗೂ ಎಂಬತ್ತೊಂದು ವರ್ಷದವನಿಗೂ ಇಲ್ಲಿ ಭೇದವಿಲ್ಲ. ದೃಢಕಾಯನಿಗೂ ಹೃದ್ರೋಗಿಗೂ ಭೇದವಿಲ್ಲ. ಈ ಪಟ್ಟಿಗೆ ಮೂಲಾಧಾರವಾಗಿದ್ದುದು ಇಪ್ಪತ್ತಾರು ಕಾಲುಗಳ ದಾಖಲೆ. ಅದನ್ನು ರಚಿಸಿದವರ ಉದ್ದೇಶ ರೋಗಿಯನ್ನು ವ್ಯರ್ಥ ಯಾತನೆಯಿಂದ ಪಾರುಮಾಡುವುದೇ ಆಗಿದ್ದಿತೆಂಬುದರಲ್ಲಿ ಸಂಶಯವಿಲ್ಲ. ಆದರೆ ನೆರವಿಗೆಂದು ಮಾಡಿದ ಅಂಕಿ ಕ್ರಮೇಣ ತೀರ್ಪಿನ ಸ್ಥಾನಕ್ಕೇರುವುದು ಚರಿತ್ರೆಯಲ್ಲಿ ಅಪರೂಪವಲ್ಲ.

ಅಮೆರಿಕದ ಎಂಟು ಕೇಂದ್ರಗಳಲ್ಲಿ ನಡೆದ ‘ಲೀಪ್’ ಎಂಬ ದೊಡ್ಡ ಅಧ್ಯಯನವು ಇದನ್ನು ಒರೆಗೆ ಹಚ್ಚಿತು. ಬಾಸ್ ಮತ್ತು ಅವನ ಸಹೋದ್ಯೋಗಿಗಳು ೨೦೦೧ರಲ್ಲಿ ಪ್ರಕಟಿಸಿದಂತೆ, ಅಂಕ ಕಡಮೆಯಿದ್ದರೆ ಕಾಲು ಉಳಿಯುವುದೆಂದು ಹೇಳಬಹುದು. ಅಂಕ ಹೆಚ್ಚಿದ್ದ ಮಾತ್ರಕ್ಕೆ ಉಳಿಯದೆಂದು ಹೇಳಲಾಗದು. ಮರುವರ್ಷ ೫೬೯ ರೋಗಿಗಳ ಎರಡು ವರ್ಷಗಳ ಫಲಿತಾಂಶ ಹೊರಬಂದಿತು. ಕಾಲು ಉಳಿಸಿಕೊಂಡವರ ಮತ್ತು ಕಳೆದುಕೊಂಡವರ ದೈನಂದಿನ ಸಾಮರ್ಥ್ಯದಲ್ಲಿ ಗಣನೀಯ ಅಂತರವೇನೂ ಕಾಣಲಿಲ್ಲ. ಉಳಿಸಿಕೊಂಡವರು ಹೆಚ್ಚು ಬಾರಿ ಆಸ್ಪತ್ರೆಗೆ ಮರಳಬೇಕಾಯಿತು. ಇಬ್ಬರ ಫಲಿತಾಂಶವನ್ನೂ ಕೆಡಿಸಿದ ಕಾರಣಗಳಲ್ಲಿ ಬಡತನ, ಕಡಮೆ ವಿದ್ಯಾಭ್ಯಾಸ, ಧೂಮಪಾನ, ನೆರವಿಗೆ ಜನರಿಲ್ಲದಿರುವುದು ಮೊದಲಾದವು ಸೇರಿದ್ದುವು. ಆದರೆ ಈ ಅಧ್ಯಯನಕ್ಕೆ ಸೇರಿಸಿಕೊಂಡವರು ಹದಿನಾರರಿಂದ ಅರುವತ್ತೊಂಬತ್ತು ವರ್ಷದವರು ಮಾತ್ರ. ಎಪ್ಪತ್ತು ದಾಟಿದವರ ಕಾಲಿನ ವಿಷಯದಲ್ಲಿ ಅದು ಏನನ್ನೂ ಹೇಳುವುದಿಲ್ಲ.

ನಮ್ಮ ದೇಶದ ಕೊಯಮತ್ತೂರಿನ ಗಂಗಾ ಆಸ್ಪತ್ರೆಯಲ್ಲಿ ಡಾ. ಎಸ್. ರಾಜಶೇಖರನ್ ಮತ್ತು ಡಾ. ಎಸ್. ರಾಜಾ ಸಭಾಪತಿ ಅವರೂ ಸಹೋದ್ಯೋಗಿಗಳೂ ರೂಪಿಸಿ ೨೦೦೬ರಲ್ಲಿ ಪ್ರಕಟಿಸಿದ ಅಂಕಪಟ್ಟಿ ಈ ದೃಷ್ಟಿಯಿಂದ ಗಮನಾರ್ಹವಾದುದು. ಚರ್ಮ, ಮೂಳೆ, ಸ್ನಾಯು ಇವುಗಳ ಗಾಯಕ್ಕೆ ತಲಾ ಐದರವರೆಗೆ ಅಂಕಗಳು. ಇದರ ಜೊತೆಗೆ ಏಳು ಪ್ರತಿಕೂಲ ಅಂಶಗಳಿಗೆ ಎರಡೆರಡು ಅಂಕಗಳು. ಅರುವತ್ತೈದು ದಾಟಿದ ವಯಸ್ಸು ಆ ಏಳರಲ್ಲಿ ಒಂದು ಮಾತ್ರ. ಮಧುಮೇಹ ಹಾಗೂ ಹೃದಯ-ಶ್ವಾಸಕೋಶಗಳ ರೋಗಕ್ಕೆ ಬೇರೆ ಎಣಿಕೆಯಿದೆ. ಒಟ್ಟು ಹದಿನಾಲ್ಕರವರೆಗೆ ಬಂದರೆ ಉಳಿಸಲು ಯತ್ನಿಸಬೇಕು. ಹದಿನೇಳು ಅಥವಾ ಹೆಚ್ಚಾದರೆ ಛೇದನ ಲೇಸು. ನಡುವಣದು ವೈದ್ಯರ ವಿವೇಚನೆಗೆ ಬಿಟ್ಟುದು. ಏಳರ ಗಡಿಯಲ್ಲಿ ಎರಡಂಕಕ್ಕೂ ಹದಿನೇಳರ ಗಡಿಯಲ್ಲಿ ಎರಡಂಕಕ್ಕೂ ಇರುವ ವ್ಯತ್ಯಾಸವನ್ನು ವಾಚಕರು ತಾವೇ ಗ್ರಹಿಸಬಹುದು. ವಯಸ್ಸು ಇಲ್ಲಿಯೂ ಲೆಕ್ಕಕ್ಕೆ ಬಂದಿದೆ, ಆದರೆ ರೋಗದಿಂದ ಬೇರ್ಪಟ್ಟು, ತನ್ನ ಅಳತೆಯಲ್ಲಿ ನಿಂತಿದೆ.

೫. ವೃದ್ಧರ ಕಾಲಿನ ವೈಶಿಷ್ಟ್ಯ

ಹಾಗಾದರೆ ಮುಪ್ಪಿನಲ್ಲಿ ನಿಜವಾಗಿ ಬದಲಾಗುವುದು ಏನು? ಮೊದಲನೆಯದಾಗಿ, ಗಾಯದ ಕಾರಣವೇ ಬೇರೆ. ತರುಣರಿಗೆ ಇಂತಹ ಗಾಯ ವಾಹನದ ಢಿಕ್ಕಿಯಿಂದ ಆಗುವುದು ಹೆಚ್ಚು. ವೃದ್ಧರಲ್ಲಿ, ಅದರಲ್ಲಿಯೂ ವೃದ್ಧೆಯರಲ್ಲಿ, ಮನೆಯಲ್ಲಿ ಕಾಲು ಜಾರಿ ಬಿದ್ದರೂ ಸಾಕಾಗುತ್ತದೆ. ಎಡಿನ್‌ಬರೋ ನಗರದ ಕೋರ್ಟ್-ಬ್ರೌನ್ ಮತ್ತು ಸಂಗಡಿಗರು ಇದನ್ನು ಚರ್ಮದ ಮುಪ್ಪಿನೊಂದಿಗೆ ಸಂಬಂಧಿಸಿ ವಿವರಿಸಿದ್ದಾರೆ. ತೆಳುವಾದ ಚರ್ಮವನ್ನು ಮುರಿದ ಮೂಳೆಯ ತುದಿ ಒಳಗಿನಿಂದ ಸುಲಭವಾಗಿ ಸೀಳುತ್ತದೆ. ಎರಡನೆಯದಾಗಿ, ಮೂಳೆ ಟೊಳ್ಳಾಗಿರುವುದರಿಂದ ತಿರುಪುಗಳು ಹಿಡಿದು ನಿಲ್ಲುವುದಿಲ್ಲ. ಮೂರನೆಯದಾಗಿ, ರಕ್ತನಾಳಗಳ ಗೋಡೆಯಲ್ಲಿ ಸುಣ್ಣದ ಅಂಶ ಸೇರಿ ಅವು ಗಡುಸಾಗಿರುತ್ತವೆ. ಕೆಳಗಾಲಿನ ಮೂರು ಮುಖ್ಯ ಅಪಧಮನಿಗಳಲ್ಲಿ ಎರಡು ಮೊದಲೇ ಮುಚ್ಚಿಹೋಗಿರುವುದೂ ಉಂಟು.

ಈ ತೊಡಕುಗಳಿಗೆ ತಕ್ಕ ಉಪಾಯಗಳನ್ನೂ ವೈದ್ಯರು ಕಂಡುಕೊಂಡಿದ್ದಾರೆ. ಶಸ್ತ್ರಕ್ರಿಯೆಗೆ ಮುನ್ನ ನಾಳಗಳ ಚಿತ್ರ ತೆಗೆದು ಯಾವುದರಲ್ಲಿ ರಕ್ತ ಹರಿಯುತ್ತಿದೆಯೆಂದು ನೋಡುತ್ತಾರೆ. ಒಂದೇ ನಾಳ ಉಳಿದಿದ್ದರೆ ಅದನ್ನು ತುಂಡರಿಸದೆ ಅದರ ಪಕ್ಕದಲ್ಲಿ ಸಣ್ಣ ರಂಧ್ರ ಮಾಡಿ ಹೊಸ ಖಂಡದ ನಾಳವನ್ನು ಸೇರಿಸುತ್ತಾರೆ. ಹಾಗೆ ಮಾಡಿದರೆ ಪಾದಕ್ಕೆ ಹೋಗುವ ರಕ್ತ ನಿಲ್ಲುವುದಿಲ್ಲ. ದೀರ್ಘ ಶಸ್ತ್ರಕ್ರಿಯೆಯನ್ನು ತಾಳಲಾರದವರಿಗೆ ಮೀನಖಂಡದ ಸ್ನಾಯುವನ್ನೋ ಪಕ್ಕದ ಚರ್ಮವನ್ನೋ ತಿರುಗಿಸಿ ಗಾಯವನ್ನು ಮುಚ್ಚುವುದುಂಟು. ಮುರಿದ ಮೂಳೆಯನ್ನು ಸ್ವಲ್ಪ ಗಿಡ್ಡಮಾಡಿ ಗಾಯದ ಅಂಚುಗಳನ್ನು ಕೂಡಿಸುವುದು ಮತ್ತೊಂದು ಮಾರ್ಗ. ಪಾದರಕ್ಷೆಯ ಅಡಿಯನ್ನು ದಪ್ಪಮಾಡಿದರೆ ಆ ಕೊರತೆ ನೀಗುತ್ತದೆ. ಹಿಮ್ಮಡಿಯ ಕಡೆಯಿಂದ ಉದ್ದನೆಯ ಸರಳನ್ನು ತೂರಿಸಿ, ಹರಡಿನ ಕೀಲನ್ನು ಬಿಗಿಮಾಡಿ, ಬೇಗನೆ ನಡೆಸುವ ಕ್ರಮವೂ ಇದೆ. ಇವುಗಳಲ್ಲಿ ಕೆಲವು ತರುಣನಿಗೆ ಸಲ್ಲದ ಉಪಾಯಗಳು. ವೃದ್ಧನಿಗೆ ಬೇಕಾದುದು ಓಡುವ ಕಾಲಲ್ಲ, ಊರಿ ನಿಲ್ಲುವ ಕಾಲು, ಅದೂ ಬೇಗನೆ. ಏಕೆಂದರೆ ವಾರಗಟ್ಟಲೆ ಹಾಸಿಗೆ ಹಿಡಿದರೆ ಸ್ನಾಯುಗಳು ಕರಗುತ್ತವೆ, ಬೆನ್ನಿಗೆ ಹುಣ್ಣಾಗುತ್ತದೆ, ಶ್ವಾಸಕೋಶಕ್ಕೆ ಕಫ ತುಂಬುತ್ತದೆ.

ಶಸ್ತ್ರಕ್ರಿಯೆಯನ್ನು ವೃದ್ಧರು ತಾಳಬಲ್ಲರೆ ಎಂಬ ಶಂಕೆಗೂ ಉತ್ತರ ದೊರೆತಿದೆ. ಅಮೆರಿಕದ ಸರ್ಲೆಟ್ಟಿ ಮತ್ತು ಸಂಗಡಿಗರು ೨೦೦೦ದಲ್ಲಿ, ಅರುವತ್ತೈದು ಮತ್ತು ಅದಕ್ಕೆ ಮೇಲ್ಪಟ್ಟ ವಯಸ್ಸಿನ ನೂರು ಜನರಿಗೆ ಶರೀರದ ವಿವಿಧ ಭಾಗಗಳಲ್ಲಿ ಮಾಡಿದ ಇಂತಹ ಖಂಡವರ್ಗಾವಣೆಗಳನ್ನು ಪರಿಶೀಲಿಸಿದರು. ತೊಂದರೆಯ ಮುನ್ಸೂಚನೆ ಕೊಟ್ಟವು ರೋಗಿಯ ಇತರ ರೋಗಗಳು ಹಾಗೂ ಶಸ್ತ್ರಕ್ರಿಯೆಯ ದೀರ್ಘತೆ. ಹುಟ್ಟಿದ ವರ್ಷವೊಂದೇ ಅಲ್ಲ.

ಛೇದನವು ವೃದ್ಧರಿಗೆ ಸುಲಭವಾದ ದಾರಿಯೆಂಬ ನಂಬಿಕೆಯನ್ನೂ ಪರೀಕ್ಷಿಸಬೇಕು. ಶಸ್ತ್ರಕ್ರಿಯೆ ಚಿಕ್ಕದೆಂಬುದು ನಿಜ. ಆದರೆ ಕೃತಕ ಕಾಲಿನಿಂದ ನಡೆಯಲು ದೇಹ ಹೆಚ್ಚು ದುಡಿಯಬೇಕು. ಮೊಣಕಾಲಿನ ಕೆಳಗೆ ಛೇದನವಾದವನಿಗೆ ಸುಮಾರು ಕಾಲುಭಾಗದಷ್ಟು, ಮೇಲೆ ಆದವನಿಗೆ ಮೂರರಲ್ಲಿ ಎರಡು ಭಾಗದಷ್ಟು ಅಥವಾ ಇನ್ನೂ ಹೆಚ್ಚು ಶಕ್ತಿ ವ್ಯಯವಾಗುತ್ತದೆಂದು ಲೆಕ್ಕ. ದುರ್ಬಲ ಹೃದಯ, ಮಂದ ದೃಷ್ಟಿ, ತಪ್ಪುವ ಸಮತೋಲ ಇವುಗಳೊಡನೆ ಈ ಹೊರೆಯನ್ನು ಹೊರಲಾರದೆ ಗಾಲಿಕುರ್ಚಿಯಲ್ಲೇ ಉಳಿಯುವವರು ಅನೇಕರು. ಜಯಪುರದಲ್ಲಿ ರಾಮಚಂದ್ರ ಶರ್ಮರು ಮತ್ತು ಡಾ. ಪಿ. ಕೆ. ಸೇಠಿಯವರು ೧೯೬೦ರ ದಶಕದ ಕೊನೆಯಲ್ಲಿ ನಿರ್ಮಿಸಿದ ಕೃತಕ ಪಾದವು ಬರಿಗಾಲಿನ ನಡಿಗೆಗೂ ನೆಲದ ಮೇಲೆ ಕೂರುವುದಕ್ಕೂ ಅನುಕೂಲವಾಗಿ, ನಮ್ಮ ದೇಶದ ಅಸಂಖ್ಯಾತರಿಗೆ ನಡಿಗೆಯನ್ನು ಮರಳಿಸಿತು. ಆದರೂ ಅದನ್ನು ತೊಟ್ಟು ನಡೆಯಲು ಬೇಕಾದ ಕಸುವನ್ನು ಯಾವ ಕಮ್ಮಟವೂ ಮಾಡಿಕೊಡಲಾರದು.

ಹಾಗೆಂದು ಎಲ್ಲ ಕಾಲನ್ನೂ ಉಳಿಸಲೇಬೇಕೆಂಬುದು ನಮ್ಮ ವಾದವಲ್ಲ. ಪಾದಕ್ಕೆ ರಕ್ತವೇ ಹೋಗದಿದ್ದಾಗ, ನಂಜು ಮೈಗೇರಿದಾಗ, ಗಾಯಕ್ಕೆ ಮೊದಲೇ ನಡೆಯಲಾರದೆ ಹಾಸಿಗೆ ಹಿಡಿದಿದ್ದಾಗ, ಅಥವಾ ರೋಗಿಯೇ ಹಲವು ಶಸ್ತ್ರಕ್ರಿಯೆಗಳನ್ನು ಬೇಡವೆಂದಾಗ, ಸಕಾಲದ ಛೇದನವೇ ಸರಿಯಾದ ಚಿಕಿತ್ಸೆ. ಅದನ್ನು ಸೋಲೆಂದು ಭಾವಿಸಿ ಮುಂದೂಡಿದರೆ ಕಾಲಿನೊಡನೆ ಜೀವವೂ ಹೋಗಬಹುದು.

೬. ಉಪಸಂಹಾರ

ಮೇಲಿನ ಸಮೀಕ್ಷೆಯಿಂದ ಕೆಲವು ನಿರ್ಣಯಗಳು ಒದಗುತ್ತವೆ. ಪಾರೆಯ ಕಾಲದಿಂದ ಲಿಸ್ಟರನವರೆಗೆ ಕೇಳುತ್ತಿದ್ದುದು ‘ರೋಗಿ ಬದುಕುವನೆ?’ ಎಂದು. ಲಿಸ್ಟರನಿಂದ ಗೊದಿನಾನವರೆಗೆ ಕೇಳಿದುದು ‘ಕಾಲು ಬದುಕುವುದೆ?’ ಎಂದು. ಇಂದು ಕೇಳಬೇಕಾಗಿರುವುದು ‘ಈ ವ್ಯಕ್ತಿ ಈ ಕಾಲಿನ ಮೇಲೆ ನಿಂತು ನಡೆಯುವನೆ?’ ಎಂದು. ಮೂರನೆಯ ಪ್ರಶ್ನೆಗೆ ವಯಸ್ಸಿನ ಅಂಕಿಯೊಂದರಿಂದಲೇ ಉತ್ತರ ಹೇಳಲಾಗದು. ಗಾಯಕ್ಕೆ ಮುಂಚೆ ಆತ ಎಷ್ಟು ದೂರ ನಡೆಯುತ್ತಿದ್ದನು, ಅವನ ನಾಳಗಳಲ್ಲಿ ರಕ್ತ ಹೇಗೆ ಹರಿಯುತ್ತಿದೆ, ಸಕ್ಕರೆ ಹತೋಟಿಯಲ್ಲಿದೆಯೆ, ಮನೆಯಲ್ಲಿ ಕೈಹಿಡಿದು ನಡೆಸುವವರು ಇದ್ದಾರೆಯೆ, ಆತನ ಸ್ವಂತ ಇಚ್ಛೆಯೇನು, ಇವೆಲ್ಲವೂ ಅದರೊಳಗೆ ಸೇರಿವೆ.

ಕೊನೆಯ ಅಂಶವನ್ನು ವಿಶೇಷವಾಗಿ ಒತ್ತಿ ಹೇಳಬೇಕು. ನಮ್ಮಲ್ಲಿ ಮುದುಕರ ಚಿಕಿತ್ಸೆಯನ್ನು ಮಕ್ಕಳೂ ಬಂಧುಗಳೂ ಆಸ್ಪತ್ರೆಯ ಹೊರಾಂಗಣದಲ್ಲಿ ನಿಂತು ನಿರ್ಧರಿಸುವುದು ವಾಡಿಕೆ. ‘ಈ ವಯಸ್ಸಿನಲ್ಲಿ ಇಷ್ಟೆಲ್ಲ ಏಕೆ?’ ಎಂಬ ಮಾತು ಅಲ್ಲಿ ವಾತ್ಸಲ್ಯದಿಂದಲೇ ಬರಬಹುದು. ಹಾಗಿದ್ದರೂ ಅದು ಹಳೆಯ ಕಾಲದ ಪ್ರಶ್ನೆ; ಅಂದಿನ ವಿದ್ಯೆಗೆ ಸಲ್ಲುತ್ತಿದ್ದ ಉತ್ತರವನ್ನು ತನ್ನೊಳಗೆ ಅಡಗಿಸಿಕೊಂಡಿದೆ. ವೃದ್ಧನ ಸಮ್ಮುಖದಲ್ಲಿ, ಅವನ ನಡಿಗೆಯನ್ನೂ ರಕ್ತನಾಳಗಳನ್ನೂ ಪರೀಕ್ಷಿಸಿ ಎರಡು ಮಾರ್ಗಗಳ ಕಷ್ಟಸುಖಗಳನ್ನೂ ತಿಳಿಸಿದ ಮೇಲೆ ಆತನು ಛೇದನವನ್ನೇ ಆರಿಸಿಕೊಂಡರೆ ಅದು ಅವನ ನಿರ್ಧಾರ. ಆ ಪರೀಕ್ಷೆಯೇ ನಡೆಯದೆ ಹುಟ್ಟಿದ ವರ್ಷವನ್ನು ನೋಡಿ ಮಾಡಿದ ನಿರ್ಧಾರಕ್ಕೆ ಇಂದಿನ ವೈದ್ಯಶಾಸ್ತ್ರದ ಬೆಂಬಲವಿಲ್ಲ.